ಕ್ಯಾರೆಟ್ ಹಲ್ವದ ಮರುಪರೀಕ್ಷೆ

ಜ್ವರ ಹೋಯಿತು, ಕೆಮ್ಮು ಹೋಯಿತು, ಹೋಗುವಾಗ ಅತ್ತೆಯ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಇದ್ದಲ್ಲೇ ಇತ್ತು, ವಾಸನೆ ಮಾತ್ರ ಇರಲಿಲ್ಲ. ಡಾಕ್ಟರು 'ಬಂದರೂ ಬರಬಹುದು' ಅಂದರು. ಬಸ್ಸಿನ ಬಗ್ಗೆ ಹೇಳಿದ ಹಾಗೆ ಹೇಳ್ತಾನಲ್ಲ ಎಂದು ಅತ್ತೆ ದಾರಿಯುದ್ದಕ್ಕೂ ಉರಿದುಕೊಂಡರು.

ನನ್ನ ಮೂಗು ಹೋಗಿದ್ದರೆ ನಾನು ಖುಷಿಯಾಗಿಯೇ ಇರುತ್ತಿದ್ದೆ. ಲೈಸೆನ್ಸಿಗೆ ಬಂದವರ ಡ್ರೈವಿಂಗ್ ಟೆಸ್ಟ್ ತೆಗೆದುಕೊಳ್ಳುವುದು ನನ್ನ ಕೆಲಸ. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಅವರ ಬೆವರು, ಸುಟ್ಟ ಕ್ಲಚ್ಚು, ದೇವರೇ ಕಾಪಾಡು ಎಂದು ಹಾಕಿಕೊಂಡು ಬಂದ ಸೆಂಟು ಎಲ್ಲವನ್ನೂ ಒಟ್ಟಿಗೆ ಕುಡಿಯುತ್ತೇನೆ. ನನ್ನ ಕಾಲ ಕೆಳಗೆ ಒಂದು ಹೆಚ್ಚುವರಿ ಬ್ರೇಕು. ಕೊನೆಗೆ ನಾನು ಹೇಳಬೇಕಾದದ್ದು ಒಂದೇ ಪದ. ಹೆಚ್ಚಿನ ಸಲ ಅದು 'ಫೇಲ್'.

ಆದರೆ ಅತ್ತೆ ಗಾಜಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರು. ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದು 'ಆ ಮೂಲೆ ಒಲೆ ಸಣ್ಣ ಮಾಡು' ಎನ್ನುತ್ತಿದ್ದವರು. ಈಗ ರಜೆ ಮುಗಿದಿತ್ತು. ಮ್ಯಾನೇಜರು ಒಳ್ಳೆಯ ಮನುಷ್ಯ, ಎರಡು ದಾರಿ ತೋರಿಸಿದ್ದರು: ಒಲೆಗೆ ವಾಪಸ್ ಬನ್ನಿ, ಆಗದಿದ್ದರೆ ಕೂಪನ್ ಕೌಂಟರಿನಲ್ಲಿ ಫ್ಯಾನಿನ ಕೆಳಗೆ ಕೂತುಕೊಳ್ಳಿ. ಯಾವುದು ಎಂದು ಭಾನುವಾರ ಸಂಜೆಯೊಳಗೆ ಫೋನ್ ಮಾಡಿ ತಿಳಿಸಬೇಕು.

ಆ ಭಾನುವಾರ ಬೆಳಿಗ್ಗೆ ಅತ್ತೆ ಒಂದು ಚೀಲ ಕ್ಯಾರೆಟ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದರು.

"ಇವತ್ತು ಹಲ್ವ," ಅಂದರು. "ಇದು ಸರಿಬಂದ್ರೆ ಒಲೆ. ಬರದಿದ್ರೆ ಕೂಪನ್. ಆಮೇಲೆ ಯಾರೂ ನಂಗೆ ಬುದ್ಧಿ ಹೇಳೋಕೆ ಬರಬಾರದು."

"ಹಲ್ವಾನೇ ಯಾಕತ್ತೆ? ಅನ್ನ ಮಾಡಿ, ಪಾಸಾಗ್ತೀರ."

"ಅನ್ನ ಕಣ್ಣಲ್ಲಿ ನೋಡಿ ಮಾಡಬಹುದು. ಹಲ್ವ ಪೂರ್ತಿ ಮೂಗಿನ ಅಡುಗೆ ಕಣೇ. ಕ್ಯಾರೆಟ್ಟಿನ ಹಸಿ ವಾಸನೆ ಯಾವಾಗ ಹೋಯ್ತು, ಹಾಲು ಎಷ್ಟು ಬತ್ತಿತು, ತುಪ್ಪ ಯಾವಾಗ ಬಿಡ್ತು, ಎಲ್ಲ ಮೂಗೇ ಹೇಳಬೇಕು."

ಈ ಮನೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಮಾವ ಸಲೂನ್ ನಡೆಸುತ್ತಾರೆ. ತಲೆಯಲ್ಲಿ ನಾಲ್ಕೇ ಎಳೆ ಉಳಿದವರಿಗೂ ಹಿಂದಿನಿಂದ ಕನ್ನಡಿ ಹಿಡಿದು 'ಈ ಸಲ ಬಹಳ ಚೆನ್ನಾಗಿ ಕೂತಿದೆ' ಎನ್ನುತ್ತಾರೆ. ಅವರ ಮಗ, ಅಂದರೆ ನನ್ನ ಗಂಡ, ಕನ್ನಡಕದಂಗಡಿಯಲ್ಲಿ ನಿಲ್ಲುತ್ತಾನೆ. ಯಾರು ಯಾವ ಫ್ರೇಮ್ ಏರಿಸಿಕೊಂಡರೂ 'ಇದು ನಿಮಗೋಸ್ಕರವೇ ಮಾಡಿದ ಹಾಗಿದೆ' ಎನ್ನುತ್ತಾನೆ. ಅಪ್ಪ ಮಗ ಇಬ್ಬರೂ ಆ ನಾಲಿಗೆಯನ್ನೇ ಮನೆಗೂ ತರುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡ ನನ್ನಲ್ಲಿ ಕೇಳಿಕೊಂಡದ್ದು ಒಂದೇ: "ನಿನ್ನ ಆಫೀಸಿನ ಬಾಯಿ ಆಫೀಸಲ್ಲೇ ಬಿಟ್ಟು ಬಾ ಮಾರಾಯ್ತಿ. ನಮ್ಮನೇಲಿ ಯಾರಿಗೂ ಅಭ್ಯಾಸ ಇಲ್ಲ."

ನಾನೂ ಬಿಟ್ಟು ಬಂದೆ. ಅದರಲ್ಲಿ ಸುಖವಿತ್ತು. ಅಡುಗೆಮನೆಯ ಕಿಟಕಿಗೆ ನಾನು ಆರಿಸಿ ತಂದ ಹಳದಿ ಹೂವಿನ ಪರದೆ ಹಾಕಿದ ದಿನ ಮೂವರೂ ಸಾಲಾಗಿ ಬಂದು 'ಚೆನ್ನಾಗಿದೆ' ಎಂದಿದ್ದರು. ನನ್ನ ತವರಿನಲ್ಲಾಗಿದ್ದರೆ ಅದರ ಮೇಲೆ ರಾತ್ರಿಯ ಊಟದವರೆಗೆ ಚರ್ಚೆ ನಡೆಯುತ್ತಿತ್ತು.

ಅತ್ತೆಯ ಮೂಗು ಹೋದ ಮೇಲೆ ಈ ಹೊಗಳುವ ಕಾಯಿಲೆ ಜೋರಾಯಿತು. ಕಪ್ಪಗಾದ ಬ್ರೆಡ್ಡಿಗೆ ಮಾವ 'ಗರಿಗರಿಯಾಗಿದೆ' ಅಂದರು. ಉಪ್ಪು ಕಡಿಮೆಯಾದರೆ ಗಂಡ 'ಬಿಪಿಗೆ ಒಳ್ಳೇದು' ಅಂದ. ನಾನು ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಸುಳ್ಳಲ್ಲ ಎಂದು ಅಂದುಕೊಂಡಿದ್ದೆ.

ಅತ್ತೆ ಕ್ಯಾರೆಟ್ ತೊಳೆದು ಸಿಪ್ಪೆ ಹೆರೆದು ಕೊಟ್ಟರು, ನಾನು ತುರಿದೆ. ಕೈ ನಿಧಾನ, ಬೆರಳ ಗಂಟು ಒಂದು ಸಲ ತರಚಿತು. ಗಂಡ ಗೋಡಂಬಿ ಬಿಡಿಸುವ ನೆಪದಲ್ಲಿ ಒಂದು ಡಬ್ಬಿಗೆ, ಎರಡು ಬಾಯಿಗೆ ಹಾಕುತ್ತಿದ್ದ. ಮಾವ ಬಾಗಿಲಿಗೆ ಒರಗಿ ನಿಂತು, ಇನ್ನೂ ಒಲೆಯೇ ಹಚ್ಚಿಲ್ಲ, "ಆಹಾ, ಘಮ್ ಅಂತಿದೆ" ಅಂದರು.

"ಏನ್ರೀ ಘಮ್ ಅಂತಿರೋದು? ತೊಳೆದ ಕ್ಯಾರೆಟ್ಟಾ?" ಅತ್ತೆ ತಿರುಗಿ ನೋಡಲಿಲ್ಲ. "ಎಲ್ಲ ಹೊರಗೆ ನಡೀರಿ. ಉಳಿದದ್ದು ನಾನೊಬ್ಬಳೇ ಮಾಡ್ತೀನಿ. ಅರ್ಧ ತುರಿ ಸಾಕು, ಮಿಕ್ಕಿದ್ದು ಫ್ರಿಜ್ಜಿಗೆ ಹಾಕು."

ನಾವು ಹೊರಗೆ ಮೇಜಿನ ಸುತ್ತ ಕೂತೆವು. ಒಳಗಿನಿಂದ ತುಪ್ಪದಲ್ಲಿ ಬಾಡುತ್ತಿರುವ ಕ್ಯಾರೆಟ್, ಆಮೇಲೆ ಹಾಲು. ತುಂಬ ಹೊತ್ತು ಬರೀ ಹಾಲಿನ ಬುಳುಬುಳು. ಆಮೇಲೆ ಪಕ್ಕದ ಒಲೆಯಲ್ಲಿ ಗೋಡಂಬಿ ಹುರಿಯುವ ಸದ್ದು.

ಆಗ ನನಗೆ ವಾಸನೆ ಬಂತು. ಬಹಳ ತೆಳುವಾಗಿ, ಹಾಲು ತಳ ಹಿಡಿಯಲು ಶುರುವಾದ ವಾಸನೆ. ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಪಕ್ಕದಲ್ಲಿ ಕೂತವನು ತಿರುವು ತಪ್ಪಿದಾಗ ಒತ್ತುತ್ತದಲ್ಲ, ಹಾಗೆ. ಗಂಡನನ್ನು ನೋಡಿದೆ. ಅವನ ಮೂಗೂ ಅರಳಿತ್ತು. ಅವನು ನನ್ನನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದ. ಬೇಡ. ಮಾವ ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದುಕೊಂಡರು.

ನಾನು ತುಟಿ ಪಿಟಕ್ಕೆನ್ನಲಿಲ್ಲ.

ಅತ್ತೆ ಬಟ್ಟಲುಗಳನ್ನು ತಂದಿಟ್ಟು ಎದುರಿಗೆ ಕೂತರು. ಏಪ್ರನ್ ಬಿಚ್ಚಿರಲಿಲ್ಲ. ಬಣ್ಣ ಬಂದಿತ್ತು, ಮೇಲೆ ತುಪ್ಪದ ಹೊಳಪಿತ್ತು, ಗೋಡಂಬಿ ಕೆಂಪಗೆ ಹುರಿದಿತ್ತು. ಬಾಯಿಗಿಟ್ಟುಕೊಂಡೆ. ಮೊದಲು ಸೀದ ವಾಸನೆ. ಅದರ ಹಿಂದೆಯೇ ಇನ್ನೊಂದು ಆಶ್ಚರ್ಯ: ಸಕ್ಕರೆಯೇ ಇಲ್ಲ. ಕಡಿಮೆಯಲ್ಲ, ಇಲ್ಲವೇ ಇಲ್ಲ. ಅಯ್ಯೋ ಪಾಪ, ಮರೆತಿದ್ದಾರೆ ಎಂದುಕೊಂಡೆ. ಮೇಜಿನ ಕೆಳಗೆ ಗಂಡನ ಕಾಲು ಬಂದು ನನ್ನ ಕಾಲನ್ನು ತುಳಿಯಿತು.

"ಹೇಗಿದೆ?" ಅತ್ತೆ ಕೇಳಿದರು.

ಮಾವ ಕಣ್ಣು ಮುಚ್ಚಿ ತೆರೆದರು. "ಹದ ಅಂದ್ರೆ ಇದು ಕಣೇ. ಸಿಹಿ ನೋಡು, ಒಂಚೂರು ಜಾಸ್ತಿ ಇಲ್ಲ, ಒಂಚೂರು ಕಡಿಮೆ ಇಲ್ಲ."

"ಹೌದಮ್ಮ," ಗಂಡ ಸೇರಿಸಿದ. "ಕೆಲವರು ಸಕ್ಕರೆ ಸುರಿದುಬಿಡ್ತಾರೆ, ಕ್ಯಾರೆಟ್ ರುಚಿನೇ ಸತ್ತುಹೋಗುತ್ತೆ. ಇದರಲ್ಲಿ ಎರಡೂ ಸಮ."

ಅತ್ತೆ ನನ್ನ ಕಡೆ ತಿರುಗಿದರು. "ನೀನು?"

"ಬಣ್ಣ ಬಹಳ ಚೆನ್ನಾಗಿ ಬಂದಿದೆ ಅತ್ತೆ."

ಅತ್ತೆ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಒಂದು ದೊಡ್ಡ ಲೋಟ. ತಂದು ಮೇಜಿನ ನಡುವೆ ಇಟ್ಟರು. ಅಂಚಿನವರೆಗೂ ತುಂಬಿದ ಸಕ್ಕರೆ.

"ಹಾಗಾದ್ರೆ ಇದು ಇಲ್ಲೇನು ಮಾಡ್ತಿದೆ?"

ಮಾವನ ಚಮಚ ಗಾಳಿಯಲ್ಲೇ ನಿಂತಿತು.

"ನಂದು ಮೂಗು ಹೋಗಿರೋದು, ನಾಲಿಗೆ ಇಲ್ಲೇ ಇದೆ," ಅಂದರು ಅತ್ತೆ. "ಉಪ್ಪು, ಹುಳಿ, ಸಿಹಿ, ಕಹಿ ಎಲ್ಲ ಗೊತ್ತಾಗುತ್ತೆ. ಇಷ್ಟು ದಿನದಲ್ಲಿ ಒಬ್ಬರಾದ್ರೂ ಕೇಳಿದ್ರಾ? ಬರೀ ಚೆನ್ನಾಗಿದೆ, ಚೆನ್ನಾಗಿದೆ. ಬ್ರೆಡ್ ಕರಕಲಾದ್ರೂ ಚೆನ್ನಾಗಿದೆ. ನಂಗೂ ಕಣ್ಣಿದೆ ಕಣ್ರೀ! ಕಪ್ಪು ಬ್ರೆಡ್ಡು ಕಾಣುತ್ತೆ!"

"ಅದು ಹಾಗಲ್ಲ ಕಣೇ, ನಿನಗೆ ಬೇಜಾರಾಗಬಾರದು ಅಂತ..." ಮಾವ ಶುರುಮಾಡಿದರು.

"ಒಲೆ ಮುಂದೆ ನಿಲ್ಲೋಕೆ ನಂಗೆ ಇನ್ನೊಬ್ಬರ ಮೂಗು ಬೇಕು. ಆ ಮೂಗು ನಂಬೋ ಹಾಗಿರಬೇಕು. ಸ್ವಂತ ಮನೇಲೇ ಒಂದು ಸಿಗ್ಲಿಲ್ಲ. ಇನ್ನು ಕಾರ್ಖಾನೇಲಿ ಸಿಗುತ್ತಾ?" ಅತ್ತೆ ಏಪ್ರನ್ನಿನ ಗಂಟು ಬಿಚ್ಚತೊಡಗಿದರು. "ಕೂಪನ್ನೇ ಸರಿ. ಹರಿದು ಕೊಡೋದಕ್ಕೆ ವಾಸನೆ ಬೇಕಾಗಿಲ್ಲ. ನನ್ನ ಫೋನ್ ಎಲ್ಲಿದೆ?"

ಫೋನ್ ನನ್ನ ಬಟ್ಟಲಿನ ಪಕ್ಕದಲ್ಲೇ ಇತ್ತು. ಅತ್ತೆ ಕೈ ಚಾಚಿದರು. ನಾನು ಅದರ ಮೇಲೆ ಕೈಯಿಟ್ಟೆ.

"ಫೇಲ್," ಅಂದೆ.

ಬಾಯಿಂದ ಬಂದದ್ದು ಆಫೀಸಿನ ದನಿಯೇ. ಗಂಡ ಹಣೆ ಹಿಡಿದುಕೊಂಡ. ಅತ್ತೆಯ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

"ಏನಂದೆ?"

"ಫೇಲ್ ಅತ್ತೆ. ಸಕ್ಕರೆ ಬಿಡಿ, ಅದನ್ನ ನೀವು ಬೇಕು ಅಂತಲೇ ಹಾಕಿಲ್ಲ. ಹಾಲು ತಳ ಹಿಡಿದಿದೆ. ಅದು ನಿಮಗೆ ಗೊತ್ತಿಲ್ಲ."

ಅತ್ತೆಯ ಮುಖದಿಂದ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಬಲೆ ಹಾಕಿದವರು ಅವರು. ಅದರಲ್ಲಿ ತಮ್ಮದೇ ಕಾಲು ಸಿಕ್ಕಿದೆ ಎಂದು ಅವರಿಗೆ ತಿಳಿದಿರಲಿಲ್ಲ.

ಅವರು ನನ್ನ ಬಟ್ಟಲಿನಿಂದ ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡು ಚಪ್ಪರಿಸಿದರು. ಕಹಿಯಾಗುವಷ್ಟು ಸೀದಿರಲಿಲ್ಲ, ನಾಲಿಗೆಗೆ ಸಿಗುವ ಹಾಗಿರಲಿಲ್ಲ. ಒಳಗೆ ಹೋದರು. ಬಾಣಲೆಯ ತಳಕ್ಕೆ ಸೌಟು ಕೆರೆಯುವ ಸದ್ದು ಕೇಳಿತು. ಒಂದು ಸಲ, ಎರಡು ಸಲ. ನಾನು ಎದ್ದು ಹಿಂದೆ ಹೋದೆ. ಸೌಟಿನ ತುದಿಯಲ್ಲಿ ಕಂದು ಬಣ್ಣದ ಚಕ್ಕೆಗಳು.

"ಯಾವಾಗ ಹಿಡೀತು?"

"ನೀವು ಗೋಡಂಬಿ ಹುರೀತಿದ್ದಾಗ."

"ನಿಂಗೆ ಆಗಲೇ ಗೊತ್ತಾಯ್ತಾ?"

"ಆಯ್ತು."

"ಹೊರಗೆ ಕೂತವಳಿಗೆ?"

"ಹ್ಞೂಂ."

"ನಿನ್ನ ಪಕ್ಕದವನು ಎದುರಿಗೆ ಲಾರಿ ಬರ್ತಿದ್ರೂ ಸುಮ್ಮನೆ ಹೋಗ್ತಿದ್ರೆ ಏನು ಮಾಡ್ತೀಯ?"

"ಬ್ರೇಕ್ ಒತ್ತುತ್ತೀನಿ."

"ಇಲ್ಲಿ ಯಾಕೆ ಒತ್ತಲಿಲ್ಲ?"

ಅತ್ತೆ ಬಾಣಲೆಗೆ ನೀರು ಬಿಟ್ಟರು. ನೀರು ತುಂಬುವವರೆಗೆ ಅದನ್ನೇ ನೋಡುತ್ತ ನಿಂತರು. ಆಮೇಲೆ, "ನಿಮ್ಮಲ್ಲಿ ಫೇಲಾದವರು ಮತ್ತೆ ಯಾವಾಗ ಬರಬಹುದು?" ಅಂದರು.

"ಕಾಯಬೇಕು. ಆದ್ರೆ ಪರೀಕ್ಷೆ ಮಾಡಿದವರದ್ದೂ ತಪ್ಪಿದ್ರೆ ಅವತ್ತೇ."

"ಫ್ರಿಜ್ಜಿಂದ ತುರಿ ತೆಗಿ."

ಸ್ಟೂಲು ತಂದು ಒಲೆಯ ಎಡಕ್ಕೆ ಹಾಕಿಕೊಂಡು ಕೂತೆ. ಇನ್ನೊಂದು ಬಾಣಲೆ ಏರಿತು, ತುಪ್ಪ ಕರಗಿತು, ತುರಿ ಬಿತ್ತು.

"ಹಸಿ ವಾಸನೆ ಹೋಯ್ತಾ?"

"ಇಲ್ಲ."

"ಈಗ?"

"ಇಲ್ಲ ಅತ್ತೆ."

"ಹೋಯ್ತು, ಹೋಯ್ತು," ಬಾಗಿಲಿನಿಂದ ಮಾವನ ದನಿ.

"ರೀ, ನೀವು ಹೋಗಿ ಪೇಪರ್ ಓದಿ!"

ಬಾಣಲೆಯ ಮೇಲೆ ಬಗ್ಗಿ ಉಸಿರೆಳೆದೆ. ಮಣ್ಣಿನ ಹಾಗಿದ್ದ ವಾಸನೆ ಸರಿದು ಬೇರೆಯೇ ಒಂದು ವಾಸನೆ ಬರುತ್ತಿತ್ತು, ಹುರಿದ ಜೋಳಕ್ಕೆ ಹತ್ತಿರದ್ದು. "ಈಗ ಹೋಯ್ತು," ಅಂದೆ. ಹಾಲು ಬಿತ್ತು.

ಈ ಸಲ ಅತ್ತೆ ಗೋಡಂಬಿಯನ್ನು ಮೊದಲೇ ಹುರಿದಿಟ್ಟುಕೊಂಡಿದ್ದರು. ಕೈಯಲ್ಲಿ ಸೌಟು ಬಿಟ್ಟು ಬೇರೇನೂ ಇರಲಿಲ್ಲ. ಹಾಲು ಬತ್ತುತ್ತ ಬಂದ ಹಾಗೆ ಅವರ ಕತ್ತು ನಿಧಾನಕ್ಕೆ ಒಂದು ಕಡೆ ವಾಲಿತು. ಗೋಡೆಯಾಚೆಯ ಮಾತು ಕದ್ದು ಕೇಳುವವರ ಹಾಗೆ.

"ಶ್. ಕೇಳ್ಸ್ಕೋ. ಇಷ್ಟು ಹೊತ್ತು ಬುಳುಬುಳು ಅಂತಿತ್ತು. ಈಗ ಪೊಟ್, ಪೊಟ್ ಅಂತಿದೆ. ದಪ್ಪ ಆಗಿದೆ. ವಾಸನೆ?"

"ಇನ್ನೂ ಇಲ್ಲ... ಅತ್ತೆ, ಬಂತು, ಬಂತು! ಸಣ್ಣ ಮಾಡಿ!"

ನನ್ನ ಬಲಗಾಲು ಸ್ಟೂಲಿನ ಅಡ್ಡಪಟ್ಟಿಯನ್ನು ಒತ್ತಿತು. ಅಷ್ಟರಲ್ಲಿ ಅತ್ತೆಯ ಕೈ ಒಲೆಯ ಗುಂಡಿಯನ್ನು ತಿರುಗಿಸಿ, ಸೌಟು ತಳದವರೆಗೆ ಹೋಗಿ ಬಂದಿತ್ತು. ಸೌಟೆತ್ತಿ ಬೆಳಕಿಗೆ ಹಿಡಿದರು. ಬಿಳಿ, ಕೇಸರಿ. ಕಂದು ಎಲ್ಲೂ ಇಲ್ಲ.

ಸಕ್ಕರೆ ಹಾಕುವಾಗ ನನ್ನ ಕಡೆ ನೋಡಲೂ ಇಲ್ಲ. ಚಮಚದ ತುದಿಯಲ್ಲಿ ನೆಕ್ಕಿದರು, ಇನ್ನೊಂದಿಷ್ಟು ಹಾಕಿದರು, ನೆಕ್ಕಿದರು, ಸಾಕು ಎಂದು ಲೋಟ ದೂರ ಸರಿಸಿದರು. ಏಲಕ್ಕಿ ಪುಡಿಯನ್ನು ಮಾತ್ರ ಚಿಟಿಕೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಉದುರಿಸಿದರು. ಇನ್ನೊಂದು ಚಿಟಿಕೆ.

ಮತ್ತೆ ಮೇಜು, ಮತ್ತೆ ಬಟ್ಟಲು.

"ಪಾಸಾ, ಫೇಲಾ?"

"ಪಾಸು," ಅಂದೆ. "ಆದ್ರೆ ಏಲಕ್ಕಿ ಜಾಸ್ತಿ."

"ಎಷ್ಟು ಜಾಸ್ತಿ?"

"ಕೊನೇ ಚಿಟಿಕೆ ಬೇಕಿರಲಿಲ್ಲ."

ಅತ್ತೆ ಮಾವನ ಕಡೆ ತಿರುಗಿದರು. ಮಾವನ ಗಂಟಲಲ್ಲಿ ಅಭ್ಯಾಸದ ಮಾತು ಬಂದು ನಿಂತದ್ದು ನಮಗೆಲ್ಲ ಕಾಣುತ್ತಿತ್ತು. ಅವರು ನೀರು ಕುಡಿದರು. ಮಗನನ್ನು ನೋಡಿದರು. ಮಗ ತನ್ನ ಬಟ್ಟಲನ್ನು ನೋಡಿಕೊಂಡ.

"ಮೊದಲು ಮಾಡ್ತಿದ್ದಷ್ಟು ಚೆನ್ನಾಗಿಲ್ಲ ಕಣೇ," ಅಂದರು ಮಾವ, ಹಲ್ಲು ಕೀಳಿಸಿಕೊಂಡವರ ಹಾಗೆ. "ಆದ್ರೆ ಇನ್ನೊಂದು ಬಟ್ಟಲು ಬೇಕು."

ಅತ್ತೆ ನಕ್ಕರು. ಮೂಗು ಹೋದ ಮೇಲೆ ಹಾಗೆ ಹೊಟ್ಟೆಯಿಂದ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತಲೇ ಫೋನ್ ಎತ್ತಿಕೊಂಡು ಮ್ಯಾನೇಜರಿಗೆ ಕರೆ ಮಾಡಿದರು.

"ಸಾರ್, ಒಲೆಗೇ ಬರ್ತೀನಿ. ಆದ್ರೆ ನನ್ನ ಪಕ್ಕಕ್ಕೆ ಒಬ್ಬರು ಬೇಕು... ಇಲ್ಲ ಇಲ್ಲ, ಅಡುಗೆ ಬರೋ ಹುಡುಗರು ಬೇಡ, ಅವರೆಲ್ಲ ನನ್ನ ಮುಂದೆ ಹೂಂ ಹೂಂ ಅಂತಾರೆ. ಪ್ಯಾಕಿಂಗಲ್ಲಿ ಒಬ್ಬಳಿದ್ದಾಳಲ್ಲ, ದಿನಾ ಊಟ ಸರಿ ಇಲ್ಲ ಅಂತ ತಟ್ಟೆ ತಂದು ನನ್ನ ಮುಂದೆ ಕುಕ್ಕೋಳು... ಹ್ಞಾಂ, ಗೊಣಗಮ್ಮ. ಅವಳನ್ನೇ ಕೊಡಿ... ಗೊತ್ತು ಸಾರ್, ಜಗಳಗಂಟಿ ಅಂತ ಗೊತ್ತು. ಅದಕ್ಕೇ ಕೇಳ್ತಿರೋದು."

ಫೋನ್ ಇಟ್ಟು ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದುಕೊಂಡರು. ತೊಳೆಯುವ ಪಾತ್ರೆ ಗುಡ್ಡೆಯಾಗಿತ್ತು. ನಾನು ಬಟ್ಟಲುಗಳನ್ನು ಎತ್ತಿಕೊಂಡು ಅವರ ಹಿಂದೆ ಒಳಗೆ ಹೋದೆ. ಅವರು ಉಜ್ಜಿದರು, ನಾನು ಒರೆಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರ ಕೈ ನಿಂತಿತು. ಕಿಟಕಿಯ ಕಡೆ ನೋಡುತ್ತಿದ್ದರು.

"ಏನತ್ತೆ?"

"ಏನಿಲ್ಲ. ಇವತ್ತು ಎಲ್ಲರೂ ನಿಜ ಹೇಳ್ತಿದ್ದೀವಲ್ಲ, ಅದಕ್ಕೆ."

"ಹೇಳಿ, ಪರವಾಗಿಲ್ಲ."

"ಆ ಪರದೆ," ಅಂದರು ಅತ್ತೆ. "ಫೇಲ್."