ಎರಡು ಮೊಳದ ಸಾಲು

ಹೇರೋಹಳ್ಳಿಯ ತೋಟಕ್ಕೆ ಆ ವರ್ಷ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿತ್ತು. ಬದನೆ ಸಾಲುಗಳ ನಡುವಿನ ಕಳೆ ತೆಗೆಯಲು ಕಲ್ಟಿವೇಟರಿನ ಗುಳಗಳನ್ನು ಸರಿಸುತ್ತಾ ಮುನಿರಾಜು ಹೆಂಡತಿಯನ್ನು ಕೂಗಿ ಕೇಳಿದ.

“ಸಾಲಿಂದ ಸಾಲಿಗೆ ಎಷ್ಟು ಬಿಟ್ಟಿದೀಯೇ?”

ಸಸಿ ನೆಟ್ಟವಳು ಅವಳೇ. “ಎರಡು ಮೊಳ,” ಎಂದಳು ಅಕ್ಕಯ್ಯಮ್ಮ.

ಇದಕ್ಕೆಲ್ಲ ಟೇಪು ಯಾಕೆ ಎಂದುಕೊಂಡು ಅವನು ಗುಳಗಳನ್ನು ಹಿಡಿದ ಕಬ್ಬಿಣದ ಮೇಲೆ ಮೊಳಕೈ ಊರಿ, ಗುಳದಿಂದ ಗುಳಕ್ಕೆ ಬೆರಳ ತುದಿಯವರೆಗೆ ಎರಡು ಸಲ ಅಳೆದು ನಟ್ಟು ಬಿಗಿದ. ನಡುಸಾಲಿನ ಮೇಲೆ ಕಣ್ಣಿಟ್ಟು ಗಾಡಿ ಓಡಿಸಿದ. ಕೊನೆಯಲ್ಲಿ ಗಾಡಿ ನಿಲ್ಲಿಸಿ ತಿರುಗಿ ನೋಡಿದ. ನಡುಸಾಲು ನೆಟ್ಟಗೇ ಇತ್ತು. ಎರಡೂ ಅಂಚಿನ ಸಾಲುಗಳು ಹೊರಗಿನ ಗುಳಗಳಿಗೆ ಸಿಕ್ಕಿ ಉದ್ದಕ್ಕೂ ಬೇರು ಮೇಲಾಗಿ ಬಿದ್ದಿದ್ದವು. ಇನ್ನೇನು ಹೂ ಬಿಡಬೇಕಿದ್ದ ಗಿಡಗಳು!

“ಎರಡು ಮೊಳ ಅಂತ ಬೊಗಳಿದೆಯಲ್ಲೇ!”

ಅವಳು ಬಂದು, ಅವನ ಮೊಳಕೈಗೆ ತನ್ನ ಮೊಳಕೈ ತಾಗಿಸಿ ತೋಳು ಚಾಚಿದಳು. ಅವಳ ಬೆರಳ ತುದಿ ಅವನ ಬೆರಳುಗಳ ಬುಡಕ್ಕೇ ನಿಂತಿತು.

“ಹೂವಿನೋಳ ಕೈ ಗಿಡ್ಡ, ಮೊಳದಲ್ಲಿ ಮೋಸ ಅಂತ ಸಂತೇಲಿ ಪ್ರತಿ ಸಲ ಜಗಳ ಆಡ್ತೀರಲ್ಲ,” ಎಂದಳು, ಬಿದ್ದ ಗಿಡವೊಂದನ್ನು ಎತ್ತಿಕೊಳ್ಳುತ್ತಾ. “ನನ್ನ ಕೈ ಎಷ್ಟುದ್ದ ಅಂತ ನೋಡೋಕೆ ಇಷ್ಟು ವರ್ಷ ಬೇಕಾಯ್ತಾ?”