ನಾವು ಬಿಟ್ಟುಬಂದ ಒಕ್ಕೂಟ

ಅಮೆರಿಕದ ಮೊಂಟಾನಾದಲ್ಲಿರುವ ನಮ್ಮ ಕಾರ್ವರ್ ವಿಶ್ವವಿದ್ಯಾಲಯ, ಸುತ್ತಲಿನ ಊರುಗಳ ಕಾಲೇಜುಗಳು ತಮ್ಮತಮ್ಮಲ್ಲೇ ಪಂದ್ಯವಾಡುವ ಹಳೆಯ ಕ್ರೀಡಾ ಒಕ್ಕೂಟ ಬಿಟ್ಟು ದೊಡ್ಡದೊಂದಕ್ಕೆ ಸೇರಿದ ದಿನ ಊರಿಗೆ ಊರೇ ಕುಣಿದಿತ್ತು. ನಮ್ಮ ಫುಟ್‌ಬಾಲನ್ನು ಇನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ, ಹಣ ಹರಿದು ಬರುತ್ತದೆ ಎಂದಿದ್ದರು. ಮೊದಲು ಬಂದದ್ದು ಖರ್ಚು. ಬಿಟ್ಟು ಹೋದದ್ದಕ್ಕೆ ಹಳೆಯ ಒಕ್ಕೂಟ ದಂಡ ಹಾಕಿತು. ಹೊಸದು, ಟಿವಿ ಹಣದಲ್ಲಿ ಪೂರ್ತಿ ಪಾಲು ಸಿಗಲು ಕೆಲವು ವರ್ಷ ಕಾಯಿರಿ ಎಂದಿತು. ಬಸ್ಸಿನಲ್ಲಿ ಹೋಗಿಬರುತ್ತಿದ್ದ ತಂಡಗಳು ಫ್ಲೋರಿಡಾದವರೆಗೆ ವಿಮಾನ ಹತ್ತಬೇಕಾಯಿತು.

ಎರಡನೇ ವರ್ಷ ಕ್ರೀಡಾ ನಿರ್ದೇಶಕ ಡೆರಿಕ್ ಪ್ರೂಯಿಟ್ ನಮ್ಮಿಬ್ಬರನ್ನು ಕರೆಸಿದ. ಹುಡುಗಿಯರ ಈಜು ತಂಡದ ಕೋಚ್ ಮಾರ್ಲಿಸ್ ಹೌಗೆನ್. ಅವಳ ಸಹಾಯಕಿ ನಾನು.

"ಈಜು ತಂಡ ಮುಚ್ತಾ ಇದ್ದೀವಿ, ಮಾರ್ಲಿಸ್. ವಿಮಾನದ ಖರ್ಚು ತಡ್ಕೊಳ್ಳೋಕಾಗ್ತಿಲ್ಲ."

"ವಿಮಾನ ಬೇಕು ಅಂತ ನಾನು ಕೇಳಿದ್ನಾ? ನಿನ್ನ ಫುಟ್‌ಬಾಲ್ ದೊಡ್ಡೋರ ಜೊತೆ ಇರ್ಲಿ. ನನ್ನ ಹುಡುಗೀರು ಹಳೇ ಒಕ್ಕೂಟದಲ್ಲೇ ಈಜ್ತಾರೆ. ಒಂದೇ ಆಟಕ್ಕೆ ಸದಸ್ಯತ್ವ ಕೊಡೋದು ಅವರಲ್ಲಿದೆ."

"ಅವರು ನಮ್ಮ ಮುಖ ನೋಡಲ್ಲ."

"ನಿನ್ನ ಮುಖ ನೋಡಲ್ಲ. ಜೂನ್ ತನಕ ಟೈಮ್ ಕೊಡು."

ಆಗದ ಕೆಲಸ ಅಂದುಕೊಂಡೇ ಅವನು ಒಪ್ಪಿದ.

ಹಳೆಯ ಒಕ್ಕೂಟದ ಈಜು ಕೋಚ್‌ಗಳಲ್ಲಿ ಲೊರೆನ್ ಸ್ಕಾಗ್ಸ್‌ನ ಮಾತು ನಡೆಯುತ್ತಿತ್ತು. ನಾವು ಹೊರಟಾಗ ಪ್ರೂಯಿಟ್ ಪತ್ರಿಕೆಯವರ ಮುಂದೆ, ಸಣ್ಣೂರುಗಳ ಸಹವಾಸ ಸಾಕಾಗಿತ್ತು ಎಂದಿದ್ದ. ಲೊರೆನ್ ಅದನ್ನು ಮರೆತಿರಲಿಲ್ಲ. ಮಾರ್ಲಿಸ್ ಫೋನ್ ಮಾಡಲಿಲ್ಲ, ನನ್ನನ್ನೂ ಕೂರಿಸಿಕೊಂಡು ಕಾರಿನಲ್ಲೇ ಹೊರಟಳು. ಅವನು ತನ್ನ ಕಾಲೇಜಿನ ಈಜುಕೊಳದ ದಂಡೆಯಲ್ಲಿ ಸೀಟಿ ಹಿಡಿದು ನಿಂತಿದ್ದ.

"ಓಹೋ, ದೊಡ್ಡೋರು ಸಣ್ಣೂರಿಗೆ ಬಂದ್ಬಿಟ್ರು. ವಿಮಾನ ಎಲ್ಲಿಳಿಸ್ದೆ?"

"ಹೊರಗೆ ಪಾರ್ಕಿಂಗಲ್ಲಿ. ಎಣ್ಣೆ ಸೋರುತ್ತೆ, ಬೈಬೇಡ."

ಅವನಿಗೆ ನಗು ಬಂತು, ನುಂಗಿಕೊಂಡ. "ನೀವು ಹೋದ್ಮೇಲೆ ನಮ್ಮಲ್ಲಿ ಐದೇ ತಂಡ ಉಳ್ಕೊಂಡ್ವು. ಇನ್ನೊಂದು ಹೋದ್ರೆ ಚಾಂಪಿಯನ್‌ಶಿಪ್ ನಡೆಯಲ್ಲ. ನಮ್ಮೋರೂ ಈ ಕೊಳ ಮುಚ್ಚೋ ಮಾತಾಡ್ತಿದ್ದಾರೆ. ಯಾರಿಂದ ಇದೆಲ್ಲ?"

"ನಮ್ಮಿಂದ," ಅಂದಳು ಮಾರ್ಲಿಸ್. ನೆಪ ಹೇಳಲಿಲ್ಲ. "ಅದಕ್ಕೇ ಬಂದೆ. ನಾವು ಸೇರಿದ್ರೆ ನಿನ್ನ ಕೊಳಾನೂ ಉಳಿಯುತ್ತೆ."

ಅವನು ಬೆರಳು ಮಡಚುತ್ತಾ ಷರತ್ತು ಹೇಳಿದ. "ನಿಮ್ಮೂರಲ್ಲಿ ಪಂದ್ಯ ಇರಲ್ಲ, ಎಲ್ಲದಕ್ಕೂ ನೀವೇ ಬರ್ಬೇಕು. ಒಕ್ಕೂಟದ ಹಣದಲ್ಲಿ ಪಾಲಿಲ್ಲ. ಮತ್ತೆ ಆ ಪ್ರೂಯಿಟ್ ನಮ್ಮ ಸಭೆಗೆ ಬಂದು ತಪ್ಪಾಯ್ತು ಅನ್ಬೇಕು."

"ಮೊದಲಿನೆರಡಕ್ಕೆ ಒಪ್ಗೆ. ಅವನನ್ನ ಎಳ್ಕೊಂಡು ಬರೋದು ನನಗೆ ಬಿಡು."

ಪ್ರೂಯಿಟ್ ಆಗದು ಎಂದ. ಮಾರ್ಲಿಸ್ ಅವನ ಮೇಜಿನೆದುರು ಕುಳಿತೇ ಇದ್ದಳು. "ತಂಡ ಮುಚ್ಚಿದೆ ಅಂತ ಹುಡುಗೀರ ಅಪ್ಪ ಅಮ್ಮಂದಿರ ಎದುರು ನಿಂತು ಹೇಳ್ತೀಯಾ, ಇಲ್ಲ ಇಷ್ಟು ಕೋಚ್‌ಗಳ ಹತ್ರ ಕ್ಷಮೆ ಕೇಳ್ತೀಯಾ? ಯಾವುದು ಸುಲಭ, ನೀನೇ ನೋಡು."

ಅವನು ಬಂದ. ಸಭೆಯಲ್ಲಿ ಎದ್ದು ನಿಂತು, ತಾನು ಆಡಿದ ಮಾತು ತಪ್ಪು ಎಂದ. ಒಬ್ಬರ ವಿರೋಧದ ನಡುವೆ ನಮ್ಮನ್ನು ಸೇರಿಸಿಕೊಂಡರು.

ಖರ್ಚು ಸರಿದೂಗಿಸಲು ಸಹಾಯಕಿಯ ಹುದ್ದೆ ತೆಗೆದರು. ಅದನ್ನು ಹೇಳಲು ಮಾರ್ಲಿಸ್ ಮನೆಗೇ ಬಂದಿದ್ದಳು, ಕಾಫಿ ಮುಟ್ಟಲಿಲ್ಲ. ನಾನೀಗ ಹೈಸ್ಕೂಲಿನಲ್ಲಿ ಈಜು ಕಲಿಸುತ್ತೇನೆ. ಶನಿವಾರ ಬಿಡುವಿದ್ದರೆ ತಂಡದ ಬಸ್ಸು ಹತ್ತುತ್ತೇನೆ.

ಮೊದಲ ಪಂದ್ಯದಲ್ಲಿ ಲೊರೆನ್‌ನ ಹುಡುಗಿಯರು ನಮ್ಮವರನ್ನು ಚೆನ್ನಾಗಿಯೇ ಸೋಲಿಸಿದರು. ಅಂದು ನಾನೂ ಬಸ್ಸಿನಲ್ಲಿದ್ದೆ. ಊರು ಹತ್ತಿರವಾದಾಗ ಮಾರ್ಲಿಸ್ ಎದ್ದು ನಿಂತಳು.

"ಕೊಳದ ಗೋಡೆ ಮುಟ್ಟಿ ತಿರುಗೋವಾಗ ಎಲ್ರೂ ನಿಧಾನ ಆಗ್ತಿದ್ದೀರಿ. ಸೋಮವಾರ ಬೇಗ ಬನ್ನಿ, ಬರೀ ಅದನ್ನೇ ಮಾಡೋಣ."