ಅಳು ನಿಲ್ಲಿಸುವ ಹೆಸರು

ಇಪ್ಪತ್ತೆರಡು ವರ್ಷದಿಂದ ನಾನು ಆಫ್ರಿಕಾದ ಸರೋವರವೊಂದರ ದಂಡೆಯ ನಮ್ಮೂರ ಹೈಸ್ಕೂಲಿನಲ್ಲಿ ಕ್ರೈಸ್ತ ಧರ್ಮಶಿಕ್ಷಣ ಪಾಠ ಮಾಡುತ್ತಿದ್ದೇನೆ. ಪ್ರವಾದಿ ಎಲೀಯ ಬಾಳನೆಂಬ ಅನ್ಯದೇವರ ಪ್ರವಾದಿಗಳನ್ನು ಒಬ್ಬರನ್ನೂ ಬಿಡದೆ ಕೊಲ್ಲಿಸಿ ಮುಗಿಸಿದ ಮೇಲೆ ನಮ್ಮ ಪುಸ್ತಕದಲ್ಲಿ ನಮ್ಮ ಅಜ್ಜ ಅಜ್ಜಿಯರ ಸರದಿ ಬರುತ್ತದೆ. ಪಿತೃಗಳ ಪಾತ್ರ, ಹತ್ತು ಅಂಕ. ಹೆಸರಿಡುವ ಶಾಸ್ತ್ರದ ಮಹತ್ವ, ಐದು ಅಂಕ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಯಾವುದನ್ನು ಬಿಟ್ಟುಬಿಡಿ ಎನ್ನುತ್ತಾರೋ ಅದನ್ನೇ ಸೋಮವಾರ ನಾನು ಬಾಯಿಪಾಠ ಮಾಡಿ ಎನ್ನುತ್ತೇನೆ. ಮಕ್ಕಳಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ, ಅಂಕ ಬಂದರಾಯಿತು. ನನಗೂ ಇರಲಿಲ್ಲ.

ನನ್ನಪ್ಪ ಚರ್ಚಿನ ಉಪದೇಶಿ. ಮನೆಯಲ್ಲಿ ಸತ್ತವರ ಹೆಸರೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ನನಗೆ ತ್ರುಫೇನಾ ಎಂದು ಬೈಬಲ್ಲಿನ ಹೆಸರಿಟ್ಟವನೂ ಅವನೇ. ಆದರೆ ಹುಟ್ಟಿದ ಹತ್ತನೇ ದಿನಕ್ಕೆ ನಾನು ಒಂದೇ ಸಮನೆ ಅಳಲು ಶುರುಮಾಡಿದೆನಂತೆ. ಸತ್ತ ಹಿರಿಯರಲ್ಲಿ ಯಾರೋ ಕೂಸಿಗೆ ತಮ್ಮ ಹೆಸರು ಕೇಳುತ್ತಿದ್ದಾರೆ ಎಂದು ಅಜ್ಜಿ, ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಒಬ್ಬೊಬ್ಬರದೇ ಹೆಸರು ಕರೆದಳಂತೆ. ಅರೋಗೊ ಎಂದ ಕೂಡಲೇ ನಾನು ಸುಮ್ಮನಾದೆನಂತೆ. ಅರೋಗೊ ಅಜ್ಜಿಯ ಅತ್ತೆ. ಈ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ನಗಿಸುವುದು ನನ್ನ ಅಭ್ಯಾಸ. ಈ ವರ್ಷವೂ ಹೇಳಿದೆ. ಈ ನಾಲಿಗೆಯನ್ನು ಏನು ಮಾಡಲಿ.

ಅದು ಕೊನೆಯ ವರ್ಷದವರ ತರಗತಿ. ಪರೀಕ್ಷೆಗೆ ಮೊದಲು ಹಳೆಯ ಪಾಠಗಳನ್ನು ತಿರುವಿ ಹಾಕುತ್ತಿದ್ದೆವು. ಹಿಂದಿನ ಬೆಂಚಿನ ಯಾಯೇಲಳ ಬಾಯಿ ಸುಮ್ಮನಿರುವುದಿಲ್ಲ.

"ಮೇಡಂ, ನಿಮ್ಮಜ್ಜಿ ಒಂದೇ ಹೆಸರಿಗೆ ನಿಲ್ಸಿದ್ದು ತಪ್ಪಾಯ್ತು. ಇನ್ನೂ ನಾಲ್ಕು ಕರೀಬೇಕಿತ್ತು. ನೀವು ಈಗ್ಲೂ ದಿನಾ ಕೂಗಾಡ್ತೀರಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಪೊಂಡಿ ಮಾತ್ರ ನಗಲಿಲ್ಲ. ಪೆನ್ನು ಹಿಡಿದುಕೊಂಡೇ ಎದ್ದು ನಿಂತಳು.

"ಮೇಡಂ, ಇದು ನಿಜಾನಾ?"

"ಐದು ಅಂಕದಷ್ಟು ನಿಜ. ಕೂತ್ಕೋ."

ಅಪೊಂಡಿಗೆ ಹತ್ತೊಂಬತ್ತು ವರ್ಷ. ಹೋದ ವರ್ಷ ಬಸುರಾಗಿ ಶಾಲೆ ಬಿಟ್ಟಿದ್ದಳು. ಆ ಹುಡುಗ ಯಾರೆಂದು ಕೇಳಿದವರಿಗೆಲ್ಲ ನೆಲ ನೋಡಿ ನಿಂತಳೇ ಹೊರತು ಹೇಳಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ, ಬಾಡಿಗೆ ಬೈಕಿನಿಂದ ಇಳಿಸಿ ಒಂದು ಮರದ ಕೆಳಗೆ ಮಲಗಿಸಿದಾಗ ಗಂಡುಮಗು ಹುಟ್ಟಿತು. ದಾರಿಯಲ್ಲಿ ಹುಟ್ಟಿದವನಿಗೆ ನಮ್ಮಲ್ಲಿ ಇಡುವಂತೆ ಒಯೊ ಎಂದು ಹೆಸರಿಟ್ಟರು. ತಾಯಿ ಇಲ್ಲದ ಹುಡುಗಿ, ಸಾಕಿದವಳು ಅಜ್ಜಿ ನ್ಯಾಮಲೊ. ಎರಡು ಸಲ ಅವರ ಮನೆಗೆ ಹೋಗಿ ಜಗಳವಾಡಿ ಅಪೊಂಡಿಯನ್ನು ಶಾಲೆಗೆ ವಾಪಸು ತಂದವಳು ನಾನೇ. "ಕೂಸನ್ನ ನೀವು ನೋಡ್ಕೊಳ್ಳಿ ಅಜ್ಜಿ, ಹುಡುಗೀನ ನಾನು ನೋಡ್ಕೋತೀನಿ" ಎಂದು ಮಾತು ಕೊಟ್ಟಿದ್ದೆ.

ಆವತ್ತು ತರಗತಿಗೆ ಒಂದು ಮನೆಕೆಲಸ ಕೊಟ್ಟೆ. ನಿಮ್ಮ ಮನೆತನದಲ್ಲಿ ತೀರಿಕೊಂಡವರ ಹೆಸರು ಬರೆದುಕೊಂಡು ಬನ್ನಿ, ನಾಲ್ಕು ತಲೆಮಾರು, ತಂದೆ ಕಡೆ, ತಾಯಿ ಕಡೆ ಎರಡೂ. ಹೆಚ್ಚಿನವರು ಆರೇಳು ಹೆಸರು ಗೀಚಿ ತಂದರು. ಅಪೊಂಡಿ ಇಪ್ಪತ್ತಮೂರು ಹೆಸರು ತಂದಳು, ಗೆರೆ ಹಾಕಿ, ನಂಬರು ಕೊಟ್ಟು. ಕೊನೆಯದು ಮಿಡೇಗಾ. ಅಜ್ಜಿಯ ಹಿರಿಮಗ, ಸರೋವರದಲ್ಲಿ ಮೀನು ಹಿಡಿಯುತ್ತಿದ್ದವನು, ಇಪ್ಪತ್ತಾರನೇ ವಯಸ್ಸಿಗೆ ಜ್ವರ ಬಂದು ಹೋದವನು.

"ಅಜ್ಜಿ ಎಲ್ಲಾರ ಹೆಸರೂ ಪಟಪಟ ಹೇಳಿದ್ರು ಮೇಡಂ. ಮಾವಂದು ಮಾತ್ರ ಹೇಳೋಕೆ ತುಂಬಾ ಹೊತ್ತಾಯ್ತು" ಎಂದಳು.

ಆ ಪುಟವನ್ನು ಇಡೀ ತರಗತಿಗೆ ಎತ್ತಿ ತೋರಿಸಿದೆ. ಕೆಂಪು ಶಾಯಿಯಲ್ಲಿ 'ಬಹಳ ಚೆನ್ನಾಗಿದೆ' ಎಂದು ಬರೆದೆ. ಆ ಹುಡುಗಿಯ ಮುಖದಲ್ಲಿ ಒಂದು ವರ್ಷದ ಮೇಲೆ ನಗು ನೋಡಿದ್ದು ಆವತ್ತೇ.

ಮುಂದಿನ ಗುರುವಾರ ಅವಳು ಶಾಲೆಗೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಮಗುವಿಗೆ ಹುಷಾರಿಲ್ಲ, ಬಿಡದೆ ಅಳುತ್ತಿದೆ ಎಂದು ಯಾಯೇಲ ಹೇಳಿದಳು. ಶನಿವಾರ ಬೆಳಿಗ್ಗೆ ಬೈಕು ಬಾಡಿಗೆಗೆ ಓಡಿಸುವ ಅಗೊಲಾನನ್ನು ಕರೆದುಕೊಂಡು ಹೊರಟೆ. ಕೂಸನ್ನೂ ತಾಯಿಯನ್ನೂ ಹಿಂದೆ ಕೂರಿಸಿ ನೇರ ಆಸ್ಪತ್ರೆಗೆ ಕಳಿಸುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ತಿಳಿಯದೆ ಹೋದವಳಲ್ಲ.

ಅವರ ಬೇಲಿ ದಾಟುವ ಮೊದಲೇ ಅಳು ಕೇಳಿಸಿತು. ಕಿರುಚಿ ಕಿರುಚಿ ಗಂಟಲು ಒಡೆದ ದನಿ. ಅಂಗಳದಲ್ಲಿ ಅಜ್ಜಿ ಕೂಸನ್ನು ಎದೆಗೆ ಹಾಕಿಕೊಂಡು ಅತ್ತ ಇತ್ತ ತಿರುಗುತ್ತಿದ್ದಳು. ಅಪೊಂಡಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಹೆಸರುಗಳ ಆ ನೋಟುಪುಸ್ತಕ ಇತ್ತು.

"ಬಂದ್ಯಾ ಟೀಚರಮ್ಮ" ಎಂದಳು ಅಜ್ಜಿ. "ಇವ್ಳಿಗೆ ನೀನಾದ್ರೂ ಹೇಳು. ನಿನ್ನೆಯಿಂದ ಬಾಯಿ ಬಡ್ಕೋತಾ ಇವ್ನಿ, ಆಸ್ಪತ್ರೆಗೆ ಎತ್ಕೊಂಡು ಹೋಗಾನ ಅಂತ. ಕೇಳಾಕಿಲ್ಲ ಅಂತಾಳೆ."

"ಅಲ್ಲಿ ಹೋದ್ರೆ ಮಗು ನೋಡೋಕ್ ಮುಂಚೆ ನನ್ನ ನೋಡ್ತಾರೆ ಮೇಡಂ. ಹೋದ್ಸಲಾನೂ ಹಾಗೇ ಆಯ್ತು. ಗಂಡ ಎಲ್ಲಿ, ಸ್ಕೂಲ್ ಯಾವ್ದು ಅಂತ ಎಲ್ಲರ ಮುಂದೆ ಕೇಳ್ತಾರೆ." ಅವಳು ಪುಸ್ತಕ ಮುಂದೆ ಚಾಚಿದಳು. "ಇವನಿಗೆ ಯಾರೋ ಹೆಸರು ಕೇಳ್ತಾ ಇದಾರೆ ಮೇಡಂ. ದಾರೀಲಿ ಹುಟ್ಟಿದ ಅಂತ ಒಂದು ಹೆಸರು ಇಟ್ವಿ, ಅಷ್ಟೇ. ಹಿರಿಯರದ್ದು ಇಡ್ಲೇ ಇಲ್ಲ. ನೀವೇ ಹೇಳಿದ್ರಲ್ಲ."

"ಹೆಸ್ರಿನ ಅಳೂನೇ ಬೇರೆ, ಜ್ವರದ ಅಳೂನೇ ಬೇರೆ" ಎಂದಳು ಅಜ್ಜಿ. "ಹೆಸ್ರು ಕೇಳೋ ಕೂಸು ಹಾಲು ಬಿಡಾಕಿಲ್ಲ ಕಣವ್ವ. ಮೈ ಕಾಯಾಕಿಲ್ಲ. ಇದು ನಿನ್ನೆಯಿಂದ ಎದೆ ಮುಟ್ಟಿಲ್ಲ. ಒಂಬತ್ತು ಹೆತ್ತೋಳು ನಾನು, ನಂಗೆ ಗೊತ್ತಾಗಾಕಿಲ್ವಾ?"

ಈ ವ್ಯತ್ಯಾಸ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಐದು ಅಂಕದ ಉತ್ತರಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಅಜ್ಜಿ ಹೇಳೋದು ಸರಿ, ನಡಿ, ಬಟ್ಟೆ ಸುತ್ತು ಎಂದೆ. ಅಪೊಂಡಿ ನನ್ನ ತೋಳು ಹಿಡಿದುಕೊಂಡಳು.

"ಒಂದೇ ಸಲ ಓದ್ತೀನಿ ಮೇಡಂ. ಎರಡು ನಿಮಿಷ. ನಿಲ್ಲಿಸ್ಲಿಲ್ಲ ಅಂದ್ರೆ ಬರ್ತೀನಿ, ಆಣೆ."

ಎರಡು ನಿಮಿಷದಲ್ಲಿ ಏನಾಗುತ್ತದೆ ಎಂದುಕೊಂಡೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ. ನನಗೆ ನೋಡಬೇಕೆನಿಸಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು, ನನ್ನ ಮೇಲೇ ನಡೆದಿದ್ದನ್ನು, ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅಂಗಳದ ಮೂರುಕಾಲಿನ ಮಣೆ ಎಳೆದು ಕೂತೆ.

ಅವಳು ನಿಂತು ಓದಿದಳು, ತರಗತಿಯಲ್ಲಿ ಓದುವ ಹಾಗೆ. ಒಸೆವೆ. ಅಬೂರಾ. ನ್ಯಾಕ್ವಾಕಾ. ಪ್ರತಿ ಹೆಸರಿಗೂ ನಿಲ್ಲಿಸಿ ಕೂಸಿನ ಮುಖ ನೋಡುವಳು. ಕೂಸು ಅಳುತ್ತಲೇ ಇತ್ತು. ಹನ್ನೆರಡಾಯಿತು, ಹದಿನೈದಾಯಿತು. ಇಪ್ಪತ್ತರ ಹೊತ್ತಿಗೆ ದನಿ ಸಣ್ಣದಾಗಿತ್ತು. ಅದನ್ನು ನಾನು ಗಮನಿಸಿದೆ, ಗಮನಿಸಿ ಖುಷಿಪಟ್ಟೆ. ಹತ್ತಿರ ಬಂತು ಎಂದು ನಾನೇ ಪಿಸುಗುಟ್ಟಿದೆ.

"ಮಿಡೇಗಾ" ಎಂದಳು ಅಪೊಂಡಿ.

ಕೂಸು ಸುಮ್ಮನಾಯಿತು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಮೇಲಕ್ಕೆ ಹೋಗಿ ಮುಚ್ಚಿಕೊಂಡಿತು. ಅಂಗಳದಲ್ಲಿ ಕೋಳಿ ಕೆದಕುವ ಸದ್ದು ಕೇಳಿಸಿತು. ಅಜ್ಜಿ ನಿಂತಲ್ಲೇ ಮೊಣಕಾಲೂರಿ ಕುಸಿದಳು. "ನನ್ನಪ್ಪಾ, ನೀನಾ? ಇಷ್ಟು ದಿನಕ್ಕೆ ಬಂದ್ಯಾ?" ಎಂದು ಕೂಸಿನ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ಆಸ್ಪತ್ರೆಯ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಅಪೊಂಡಿ ನನ್ನನ್ನು ತಬ್ಬಿಕೊಂಡಳು. ಉಪದೇಶಿಯ ಮಗಳಾದ ನನಗೂ ಕಣ್ಣು ತುಂಬಿತು. ನನ್ನಪ್ಪ ಗೆಲ್ಲಲಿಲ್ಲ, ನನ್ನಜ್ಜಿ ಗೆದ್ದಳು ಎಂದುಕೊಂಡೆ.

ಬೇಲಿಯ ಹತ್ತಿರ ಅಗೊಲಾ ಬೈಕಿಗೆ ಒರಗಿ ನಿಂತಿದ್ದ.

"ನೀನು ಹೋಗಪ್ಪಾ, ಬೇಕಾಗಿಲ್ಲ" ಎಂದೆ.

ಅವನು ಕತ್ತು ಚಾಚಿ ಕೂಸಿನ ಕಡೆ ನೋಡಿದ. "ಮೇಡಂ, ಮಗೀನ ಮುಖ ಒಂಥರಾ ಐತೆ. ನಾನು ಹೆಂಗೂ ಆಸ್ಪತ್ರೆ ದಾರೀಲೇ ಹೋಗೋನು. ಸುಮ್ನೆ ತೋರ್ಸ್ಕೊಂಡು ಬರ್ಲಿ, ಬಿಟ್ಬುಡ್ತೀನಿ."

"ನೀನ್ಯಾವಾಗ ಡಾಕ್ಟ್ರಾದೆ? ಮೂರು ದಿನದಿಂದ ನಿದ್ದೆ ಇಲ್ದಿರೋ ಕೂಸು, ಈಗ ಮಲಗಿದೆ. ಬೈಕಿನ ಸದ್ದಿಗೆ ಎಬ್ಬಿಸ್ಬೇಡ."

ಅವನು ಹೋದ. ದಾರಿಯ ತಿರುವಿನವರೆಗೂ ಬೈಕನ್ನು ಶುರು ಮಾಡದೆ ತಳ್ಳಿಕೊಂಡೇ ಹೋದ, ಕೂಸು ಏಳಬಾರದೆಂದು.

ಅಪೊಂಡಿ ಮೆಕ್ಕೆಜೋಳದ ಮುದ್ದೆ ಉಗಾಲಿ ತಿರುವಿದಳು, ಒಣಮೀನು ಹುರಿದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆವು. ಅಜ್ಜಿ ಮಿಡೇಗಾನ ಬಗ್ಗೆ ಹೇಳಿದ್ದೇ ಹೇಳಿದಳು, ಅವನ ದೋಣಿ, ಅವನ ಸೀಟಿ, ಅವನು ಉಗಾಲಿಯ ತಳ ಕೆರೆದು ತಿನ್ನುತ್ತಿದ್ದುದು. ಹೊರಡುವಾಗ ಕೂಸಿನ ಹಣೆ ಮುಟ್ಟಿದೆ. ಸುಡುತ್ತಿತ್ತು. ಒಲೆಯ ಹತ್ತಿರ ಮಲಗಿಸಿದ್ದಾರೆ, ಅದಕ್ಕೇ ಎಂದುಕೊಂಡೆ. ಕೊಂಚ ದೂರ ಮಲಗಿಸಿ ಎಂದು ಬುದ್ಧಿ ಹೇಳಿ ಬಂದೆ.

ಒಯೊ ಮತ್ತೆ ಏಳಲಿಲ್ಲ. ಅದೇ ಸಂಜೆ ಹೊತ್ತು ಮುಳುಗುವ ಮೊದಲು ಹೋಗಿಬಿಟ್ಟ. ಭಾನುವಾರ ಚರ್ಚಿನಿಂದ ಹೊರಗೆ ಬರುವಾಗ ಅಗೊಲಾ ಬಂದು ಹೇಳಿದ. ಬೇರೆ ಏನೂ ಅನ್ನಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಮನೆಯ ಪಕ್ಕದಲ್ಲಿ ಎರಡು ಮೊಳ ಉದ್ದದ ಗುಂಡಿ ತೋಡಿದ್ದರು. ಪ್ರಾರ್ಥನೆಗೆ ಬಂದ ಅವರೂರ ಚರ್ಚಿನ ಉಪದೇಶಿ ಮಗುವಿನ ಹೆಸರು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಅವನು ನನ್ನ ಕಡೆ ನೋಡಿದ, ಓದಿದವಳು ಹೇಳಲಿ ಎಂಬಂತೆ. ನನ್ನ ಬಾಯಿಗೂ ಬರಲಿಲ್ಲ. ಕೊನೆಗೆ ಅವನು 'ಈ ಕೂಸು' ಎಂದೇ ಪ್ರಾರ್ಥನೆ ಮುಗಿಸಿದ.

ಎಲ್ಲರೂ ಹೋದ ಮೇಲೆ ಅಜ್ಜಿಯ ಪಕ್ಕ ಕೂತೆ. ಕ್ಷಮಿಸಿ ಎನ್ನಲು ಬಂದಿದ್ದೆ, ಅವಳೇ ಮೊದಲು ಮಾತಾಡಿದಳು.

"ಮಿಡೇಗಾನೂ ಹಿಂಗೇ ಕಣವ್ವ. ಮೂರು ದಿನ ನರಳ್ದ, ಆಮ್ಯಾಕೆ ಗಪ್ಪಂತ ಸುಮ್ಕಾದ. ವಾಸಿ ಆಯ್ತು ಅಂತ ಗಂಜಿ ಕಾಯ್ಸಾಕೆ ಹೋದೆ ನಾನು. ನಂಗೆ ಗೊತ್ತಿತ್ತು. ಆ ಸುಮ್ಕಾಗೋದು ಏನು ಅಂತ ನಂಗೆ ಗೊತ್ತಿತ್ತು." ಅವಳು ಮಣ್ಣು ಮೆತ್ತಿದ ಕೈಗಳನ್ನೇ ನೋಡುತ್ತಿದ್ದಳು. "ಆದ್ರೆ ಅವನ ಹೆಸ್ರು ಕೇಳ್ದಾಗ ಬುದ್ಧಿ ನಿಂತೋಯ್ತು. ಅದೇ ಮಗ ನಂಗೆ ಎರಡು ಸಲ ಹೋದ."

ಅವಳ ಬುದ್ಧಿ ನಿಂತದ್ದು ಮಗನ ಹೆಸರಿಗೆ. ನನ್ನದು ಯಾವುದಕ್ಕೆ ನಿಂತಿತು? ನಾನು ನಂಬುವುದಿಲ್ಲ ಎಂದುಕೊಂಡು ಕಲಿಸಿದೆ, ನಂಬಬಾರದ ಒಂದೇ ಒಂದು ದಿನ ನಂಬಿದೆ. ನಂಬುವವರಿಗೆ ತಿಳಿದಿರುವುದು ನನಗೆ ತಿಳಿದಿರಲಿಲ್ಲ, ನಂಬದವರಿಗೆ ತಿಳಿದಿರುವುದನ್ನು ಬೈಕಿನ ಜೊತೆ ವಾಪಸು ಕಳಿಸಿದೆ. ಪಾದ್ರಿಗಳ ಹತ್ತಿರ ಹೋಗಿ ಪಾಪ ನಿವೇದನೆ ಮಾಡಿಕೊಂಡೆ. ಅವರು ಮೂಢನಂಬಿಕೆಯ ಪಾಪ ಎಂದರು. ಅದಲ್ಲ ಎನ್ನಬೇಕೆನಿಸಿತು. ಅದಲ್ಲದಿದ್ದರೆ ಏನು ಎಂದು ಹೇಳಲು ಆಗಲಿಲ್ಲ.

ಎರಡು ವಾರ ಬಿಟ್ಟು ಅಪೊಂಡಿ ಶಾಲೆಗೆ ಬಂದಳು. ನಾನು ಕರೆಯಲು ಹೋಗಿರಲಿಲ್ಲ. ಮನೆಯಲ್ಲಿ ಕೂರಲು ಇನ್ನು ಯಾವ ಕಾರಣವೂ ಇಲ್ಲವಲ್ಲ ಎಂದು ಯಾಯೇಲಳ ಹತ್ತಿರ ಹೇಳಿದಳಂತೆ. ಯಾಯೇಲ ಈಗ ಅವಳ ಪಕ್ಕ ಕೂರುತ್ತಾಳೆ, ತಮಾಷೆ ಮಾಡುವುದಿಲ್ಲ. ನನ್ನ ಪಾಠದಲ್ಲಿ ಅಪೊಂಡಿ ತಲೆ ಎತ್ತುವುದಿಲ್ಲ. ಹೇಳಿದ್ದೆಲ್ಲವನ್ನೂ ಬರೆದುಕೊಳ್ಳುತ್ತಾಳೆ.

ಪೂರ್ವಸಿದ್ಧತಾ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆಯನ್ನು ತಿಂಗಳ ಮೊದಲೇ ನಾನೇ ತಯಾರಿಸಿ ಮುದ್ರಣಕ್ಕೆ ಕೊಟ್ಟಿದ್ದೆ, ನಾಲ್ಕನೇ ಪ್ರಶ್ನೆ ಏನೆಂಬುದು ಪತ್ರಿಕೆ ಹಂಚುವಾಗ ನೆನಪಾಯಿತು. ಆಫ್ರಿಕಾದ ಸಾಂಪ್ರದಾಯಿಕ ಸಮಾಜದಲ್ಲಿ ಮಗುವಿಗೆ ಪಿತೃಗಳ ಹೆಸರಿಡಲು ಐದು ಕಾರಣಗಳನ್ನು ತಿಳಿಸಿ. ಅಪೊಂಡಿಯ ಮುಂದೆ ಕಾಗದ ಇಟ್ಟು ಬೇಗ ಮುಂದೆ ಹೋದೆ. ಅವಳು ಆ ಪ್ರಶ್ನೆ ಬಿಟ್ಟುಬಿಡಲಿ ಎಂದು ಮೂರು ಗಂಟೆ ಹೊತ್ತು ದೇವರಲ್ಲಿ ಕೇಳಿಕೊಂಡೆ.

ಬಿಟ್ಟಿರಲಿಲ್ಲ. ದುಂಡು ಅಕ್ಷರದಲ್ಲಿ, ನಂಬರು ಕೊಟ್ಟು, ನಾನು ಹೇಳಿಕೊಟ್ಟ ಹಾಗೆಯೇ ಬರೆದಿದ್ದಳು. ಒಂದು, ಹಿರಿಯರ ನೆನಪು ಉಳಿಯುತ್ತದೆ. ಎರಡು, ಬದುಕಿರುವವರಿಗೂ ಸತ್ತವರಿಗೂ ನಂಟು ಉಳಿಯುತ್ತದೆ. ಮೂರು, ಮಗು ಮನೆತನಕ್ಕೆ ಸೇರುತ್ತದೆ. ನಾಲ್ಕು, ಪಿತೃಗಳು ಮಗುವನ್ನು ಕಾಯುತ್ತಾರೆ.

ಐದು, ಮಗು ಅಳು ನಿಲ್ಲಿಸುತ್ತದೆ.

ಉತ್ತರಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಐದೂ ಸರಿಯಾಗಿದ್ದವು. ಕೆಂಪು ಪೆನ್ನಿನಲ್ಲಿ ಐದು ಸರಿಗುರುತು ಹಾಕಿ, ಐದಕ್ಕೆ ಐದು ಕೊಟ್ಟು, ಪುಟ ತಿರುಗಿಸಿದೆ.